ಉಣಿಸದೆ ಕಳಿಸಿದ ಸಾವಿನ ಮನೆ

ಶಿರೆ ನದಿಯ ದಡದ ಹಳ್ಳಿ ಚಿಕೋಜೆಯಲ್ಲಿ ಯಾರಾದರೂ ಸತ್ತರೆ ಮೊದಲು ಗೋಳು ಕೇಳಿಸುತ್ತಿತ್ತು, ಅದರ ಹಿಂದೆಯೇ ಎಸ್ನಾತಿಯ ಹೆಸರು. ಕ್ರೈಸ್ತ ಸಭೆಯ ಹೆಂಗಸರ ಸಂಘಕ್ಕೆ ಅವಳು ಹತ್ತೊಂಬತ್ತು ವರ್ಷಗಳಿಂದ ಮುಖ್ಯಸ್ಥೆ. ಹೆಣ ಮಣ್ಣಾಗುವ ತನಕ ಬಂದವರಿಗೆಲ್ಲ ಉಣಿಸುವುದು ಸಂಘದ ಕೆಲಸ. ದೊಡ್ಡ ಹಂಡೆಗಳೆರಡೂ ತೋಳುದ್ದದ ಮುದ್ದೆಕೋಲೂ ಅವಳ ಹಿತ್ತಿಲ ಚಪ್ಪರದಲ್ಲೇ ಇರುತ್ತಿದ್ದವು. ಐವತ್ತು ದಾಟಿದ ವಿಧವೆ, ಮೈಯಲ್ಲಿ ಕಸುವಿತ್ತು. ನೂರು ಜನರಿಗಾಗುವ ಮೆಕ್ಕೆಜೋಳದ ನ್ಸಿಮಾ ಮುದ್ದೆಯನ್ನು ಒಬ್ಬಳೇ ಗಂಟಿಲ್ಲದಂತೆ ತಿರುವುತ್ತಿದ್ದಳು. "ಎಸ್ನಾತಿ ಇರೋ ಊರಲ್ಲಿ ಸಾಯೋಕೂ ಒಂದು ಯೋಗ ಬೇಕು" ಎಂದು ಗಂಡಸರು ತಮಾಷೆ ಮಾಡುತ್ತಿದ್ದರು.

ಆ ವರ್ಷ ಜನವರಿಯಲ್ಲಿ ಶಿರೆ ನದಿ ಉಕ್ಕಿ ಕಕ್ಕಸು ಗುಂಡಿಗಳನ್ನೆಲ್ಲ ತೊಳೆದುಕೊಂಡು ಹೋಯಿತು. ನೀರಿಳಿದ ಮೇಲೆ ಕಾಲರಾ ಬಂತು. ಚಿಕೋಜೆಯಲ್ಲಿ ಮೊದಲು ಹೋದವನು ಮೀನುಗಾರ ವಿಲಿಸೋನಿ. ಬೆಳಿಗ್ಗೆ ಬಲೆ ಹೊತ್ತು ಹೋದವನನ್ನು ಸಂಜೆ ಮೂಳೆಚೀಲದ ಹಾಗೆ ಹೊತ್ತು ತಂದರು. ಅದು ಕಾಲರಾ ಎಂದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.

ಅವನ ಮಣ್ಣಿನ ದಿನ ಊರಿಗಿದ್ದ ಒಂದೇ ಒಂದು ಕೈಪಂಪಿನ ಮುಂದೆ ಬಕೆಟ್ಟುಗಳ ಸಾಲು ರಸ್ತೆಯವರೆಗೂ ಬೆಳೆದಿತ್ತು. ಹಿಟ್ಟು ಸಿದ್ಧವಾಗಿತ್ತು, ಜನ ಬಿಸಿಲಲ್ಲಿ ಕೂತಿದ್ದರು. ಎಸ್ನಾತಿ ಪಕ್ಕದ ಮನೆಯ ಮಲಿತಾಳನ್ನು ಕರೆದು, "ಆ ಸಾಲಲ್ಲಿ ನಿಂತರೆ ಹೆಣ ಎದ್ದು ಕೂರುತ್ತೆ ಕಣೆ. ನದಿಗೆ ಹೋಗಿ ತಂದ್ಬಿಡು. ಹೇಗೂ ಕುದಿಯುತ್ತಲ್ಲ" ಎಂದಳು.

ಹಂಡೆಯ ನೀರು ಕುದಿಯಿತು. ಕೈ ತೊಳೆಯುವ ಬೋಗುಣಿಯ ನೀರು ಕುದಿಯಲಿಲ್ಲ, ಕುಡಿಯಲಿಟ್ಟ ಬಕೆಟ್ಟಿನದೂ ಕುದಿಯಲಿಲ್ಲ. ಎಲ್ಲರೂ ಒಂದೇ ಬೋಗುಣಿಯಲ್ಲಿ ಕೈ ಅದ್ದಿ, ಒಂದೇ ತಟ್ಟೆಯಿಂದ ಮುದ್ದೆ ಮುರಿದು ತಿಂದರು. ವಾರದೊಳಗೆ ಹನ್ನೊಂದು ಜನ ಮಲಗಿದರು. ಮೂವರು ಸತ್ತರು. ಆ ಮೂವರಲ್ಲಿ ಮಲಿತಾಳ ಗಂಡ ಲುಸಿಯಾನೋ ಒಬ್ಬ.

ಆರೋಗ್ಯ ಕಾರ್ಯಕರ್ತ ಮಸೌತ್ಸೊ ಸೈಕಲ್ಲಿನಲ್ಲಿ ಬಂದು ಮನೆಮನೆಗೂ ಹೋದ. ಯಾರು ಉಂಡರು, ಯಾರು ಕುಡಿದರು ಎಂದು ಬರೆದುಕೊಂಡ. ಕೊನೆಗೆ ಎಸ್ನಾತಿಯ ಜಗಲಿಯಲ್ಲಿ ಕೂತು ಕೇಳಿದ.

"ಅಮ್ಮಾ, ಅವತ್ತು ನೀರು ಎಲ್ಲಿಂದ ತಂದ್ರಿ?"

"ಪಂಪಿಂದ" ಎಂದಳು ಎಸ್ನಾತಿ.

"ಪೂರ್ತಿ?"

"ಮತ್ತೆಲ್ಲಿಂದ ತರ್ತಾರಪ್ಪಾ?"

ಅವನು ಅದನ್ನೂ ಬರೆದುಕೊಂಡ. ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಬಂದದ್ದಕ್ಕೆ ಅವಳಿಗೇ ಅಚ್ಚರಿಯಾಯಿತು. ಮಲಿತಾ ಬೇಲಿಯ ಆಚೆ ಒಗೆದ ಬಟ್ಟೆ ಹರವುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ.

ಮರುದಿನ ಮಸೌತ್ಸೊ ಪಂಪಿನ ನೀರಿನ ಮಾದರಿಯನ್ನು ಬಾಟಲಿಯಲ್ಲಿ ತುಂಬಿಕೊಂಡು ನ್ಸಾಂಜೆ ಪಟ್ಟಣಕ್ಕೆ ಹೋದ. ಫಲಿತಾಂಶ ಬರುವ ತನಕ ಕ್ಲೋರಿನ್ ಹಾಕಿಯೇ ಕುಡಿಯಿರಿ ಎಂದು ಹೇಳಿಹೋದ. ಜನ ಅಷ್ಟು ಕಾಯಲಿಲ್ಲ. ಪಂಪಿನಲ್ಲೇ ವಿಷ ಇದೆಯಂತೆ ಎಂಬ ಮಾತು ಹರಡಿ ಅರ್ಧ ಊರು ನದಿಯ ದಾರಿ ಹಿಡಿಯಿತು. ಇನ್ನೂ ಎರಡು ಮನೆಯವರು, ರೋಗಿಗಳಿಗೆಂದು ಹಾಕಿದ್ದ ಕಾಲರಾ ಡೇರೆ ಸೇರಿದರು. ಎಸ್ನಾತಿ ತನ್ನ ಮನೆಗೆ ಮಾತ್ರ ಪಂಪಿನ ನೀರನ್ನೇ ತಂದಳು. ಸಾಲು ಈಗ ಚಿಕ್ಕದಾಗಿತ್ತು. "ನಿಂಗೆ ಹೆದರಿಕೆ ಇಲ್ವಾ?" ಎಂದು ಯಾರೋ ಕೇಳಿದರು. "ಕರ್ತ ಕಾಯ್ತಾನೆ" ಎಂದಳು. ಹಾಗೆಂದ ದಿನದಿಂದ ಅವಳಿಗೆ ಪ್ರಾರ್ಥನೆ ಮಾಡಲಾಗಲಿಲ್ಲ. ಮೊಣಕಾಲೂರುತ್ತಿದ್ದಳು. ಕರ್ತನೇ ಎಂಬ ಮೊದಲ ಮಾತಿನ ಮುಂದೆ ಏನೂ ಬರುತ್ತಿರಲಿಲ್ಲ.

ಭಾನುವಾರ ಸಭೆಯ ಹಿರಿಯ ಸಾಂಡಿಫೋಲೊ ಎದ್ದು ನಿಂತು, ಊರ ಮುಖಂಡನ ಅಪ್ಪಣೆಯನ್ನೂ ಹಿರಿಯರ ತೀರ್ಮಾನವನ್ನೂ ಓದಿದ. ಕೈ ಕುಲುಕುವಂತಿಲ್ಲ. ಯಾವ ಕಾರಣಕ್ಕೆ ಸತ್ತಿರಲಿ, ಸಾವಿನ ಮನೆಯಲ್ಲಿ ಅಡುಗೆ ಮಾಡುವಂತಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಮುದುಕ, "ಹಂಗಾದ್ರೆ ಇನ್ಮೇಲೆ ಯಾರೂ ಸಾಯಬೇಡ್ರಪ್ಪ, ಅನ್ನ ಸಿಗಲ್ಲ" ಎಂದ. ಕೆಲವರು ನಕ್ಕರು. ಎಸ್ನಾತಿ ನಗಲಿಲ್ಲ. ಅವಳ ಪಕ್ಕದಲ್ಲಿ ಸದಾ ಕೂರುತ್ತಿದ್ದ ಮಲಿತಾ ಆಗಲೇ ಬಾಗಿಲ ಬಳಿಯ ಬೆಂಚಿಗೆ ಹೋಗಿಬಿಟ್ಟಿದ್ದಳು.

ಫೆಬ್ರವರಿ ಕೊನೆಯಲ್ಲಿ ಎಸ್ನಾತಿಯ ಅತ್ತೆ, ಅಂದರೆ ಗಂಡನ ತಾಯಿ, ಊರಿಗೆಲ್ಲ ಅಜ್ಜಿಯಾಗಿದ್ದ ಎನಿಫಾ ತೀರಿಕೊಂಡಳು. ಕಾಲರಾ ಅಲ್ಲ, ವಯಸ್ಸು. ಎಂಬತ್ತು ದಾಟಿ ಎಷ್ಟೋ ಕಾಲವಾಗಿತ್ತು. ಗಂಜಿ ಕುಡಿದು, ಗೋಡೆಯ ಕಡೆ ತಿರುಗಿ ಮಲಗಿದವಳು ಏಳಲಿಲ್ಲ. ಮಸೌತ್ಸೊ ಬಂದು ನೋಡಿ, ಮಣ್ಣು ಮಾಡಲು ಅಡ್ಡಿಯಿಲ್ಲ, ಊಟ ಮಾತ್ರ ಬೇಡ ಎಂದ.

ಬೆಳಿಗ್ಗೆ ಹತ್ತಕ್ಕೆ ಬ್ಲಾಂಟೈರಿನಿಂದ ಲಾರಿ ಬಂತು. ಎನಿಫಾಳ ಮಗಳು ಫಾಲೆಸಿ ಇಪ್ಪತ್ತು ಜನರನ್ನು ಕರೆದುಕೊಂಡು ಬಂದಿದ್ದಳು. ಹೆಣದ ಮುಂದೆ ಬಿದ್ದು ಅತ್ತಳು, ಎದ್ದು ಮೂಗೊರೆಸಿಕೊಂಡಳು, ಸುತ್ತ ನೋಡಿದಳು.

"ಅತ್ತಿಗೆ, ಒಲೆ ಯಾಕೆ ತಣ್ಣಗಿದೆ?"

"ಅಡುಗೆ ಇಲ್ಲ ಫಾಲೆಸಿ. ಊರಿನ ಅಪ್ಪಣೆ. ಸಭೆಯದೂ."

"ಅವ್ವ ಕಾಲರಾದಲ್ಲಿ ಸತ್ಲಾ?"

"ಇಲ್ಲ."

"ಮತ್ತೆ? ರಾತ್ರಿಯಿಡೀ ಲಾರಿಯಲ್ಲಿ ಕುಲುಕಿಕೊಂಡು ಬಂದೋರು ಇವರು. ಊರಲ್ಲಿರೋ ಹೆಣಕ್ಕೆಲ್ಲ ಬೇಯಿಸಿ ಹಾಕಿದೋಳು ನೀನು, ನಮ್ಮವ್ವನ ಪಾಳಿ ಬಂದಾಗ ನಿನ್ನ ಕೈಗೆ ಲಕ್ವ ಹೊಡೀತಾ? ಹಸಿದೋರಿಗೆ ಉಣಿಸಿ ಅಂತ ಸ್ವಾಮಿ ಹೇಳಿದ್ದು ನಿಮ್ಮ ಸಭೇಲಿ ಓದಲ್ವಾ?"

"ಓದ್ತಾರೆ."

"ಹಂಗಾದ್ರೆ ಆಚೆ ಸರಿ."

ಫಾಲೆಸಿ ಹಿತ್ತಿಲಿಗೆ ಹೋಗಿ ತಾನೇ ಹಂಡೆ ಎಳೆದಳು. ಜೊತೆಗೆ ಬಂದ ಹೆಂಗಸರು ಸೌದೆ ಜೋಡಿಸಿದರು. ಇಬ್ಬರು ಬಕೆಟ್ಟು ಹಿಡಿದು ಪಂಪು ಎಲ್ಲಿ ಎಂದು ಕೇಳಿದಾಗ, "ಪಂಪು ಕೆಟ್ಟಿದೆ, ವಿಷದ ನೀರು. ನದಿಗೆ ಹೋಗಿ" ಎಂದು ಊರಿನ ಹುಡುಗಿಯೊಬ್ಬಳು ದಾರಿ ತೋರಿಸಿದಳು.

ಎಸ್ನಾತಿ ಜಗಲಿಯಿಂದ ಇದನ್ನು ಕೇಳಿಸಿಕೊಂಡಳು. ಎದ್ದು ಹೋಗಿ ಬಕೆಟ್ಟಿನವರ ಎದುರು ನಿಂತಳು. ದೊಡ್ಡ ನಿರ್ಧಾರ ಮಾಡಿದೆ ಎಂದೇನೂ ಅವಳಿಗೆ ಆಗ ಅನ್ನಿಸಲಿಲ್ಲ. ನಿಲ್ಲುವುದೊಂದೇ ಉಳಿದಿತ್ತು.

"ಪಂಪಿಗೆ ಏನೂ ಆಗಿಲ್ಲ" ಎಂದಳು. ಚಾಪೆಗಳ ಮೇಲೆ ಕೂತವರಿಗೂ ಕೇಳಲಿ ಎಂದು ಧ್ವನಿ ಎತ್ತಿ ಮತ್ತೆ ಹೇಳಿದಳು. "ಪಂಪಿಗೆ ಏನೂ ಆಗಿಲ್ಲ. ವಿಲಿಸೋನಿ ಮಣ್ಣಿನ ದಿನ ನಾನು ಕೈ ತೊಳೆಯೋಕೆ, ಕುಡಿಯೋಕೆ ಇಟ್ಟಿದ್ದು ನದಿ ನೀರು. ಸಾಲು ಉದ್ದ ಇತ್ತು ಅಂತ ನಾನೇ ತರಿಸಿದೆ. ಮಸೌತ್ಸೊ ಕೇಳಿದಾಗ ಪಂಪಿಂದ ಅಂತ ಸುಳ್ಳು ಹೇಳಿದೆ. ಆ ಸುಳ್ಳು ಕೇಳಿ ನೀವು ಪಂಪು ಬಿಟ್ಟು ನದಿಗೆ ಹೋದ್ರಿ."

ಹಾಡು ಶುರುಮಾಡಲು ಬಾಯಿ ತೆರೆದಿದ್ದ ಹೆಂಗಸರು ಬಾಯಿ ಮುಚ್ಚಿದರು. ಮಸೌತ್ಸೊ ಮಾವಿನ ಮರದ ಕೆಳಗೆ ಸೈಕಲ್ಲಿಗೆ ಒರಗಿ ನಿಂತಿದ್ದ. ಅವನು ನೆಲ ನೋಡಿದ.

ಫಾಲೆಸಿಗೆ ಈ ಕಥೆ ಗೊತ್ತಿರಲಿಲ್ಲ. ಆದರೆ ಜಗಳದ ವಾಸನೆ ಅವಳಿಗೆ ಬೇಗ ಸಿಗುತ್ತಿತ್ತು. "ತರಿಸಿದೆ ಅಂದ್ರೆ? ಹೊತ್ತು ತಂದೋಳು ಯಾರು?"

"ಅದು ಬೇಡ. ಹೇಳಿದೋಳು ನಾನು."

"ಆಹಾ, ಅರ್ಧ ತಪ್ಪೊಪ್ಪಿಗೆ."

"ಹೊತ್ತಿದ್ದು ನಾನು."

ಮಾತಾಡಿದವಳು ಮಲಿತಾ. ಹಿಂದಿನ ಚಾಪೆಯಿಂದ ಎದ್ದು ನಿಂತಿದ್ದಳು. ತಲೆಯ ಕಪ್ಪು ಬಟ್ಟೆ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. "ಮೂರು ಬಕೆಟ್ಟು. ಲುಸಿಯಾನೋಗೆ ನಾನೇ ಲೋಟದಲ್ಲಿ ಕೊಟ್ಟೆ. ಸೆಕೆ ಅಂದ, ಇನ್ನೊಂದು ಲೋಟ ಕೊಟ್ಟೆ." ಆಮೇಲೆ ಬ್ಲಾಂಟೈರಿನ ಹೆಂಗಸರನ್ನು ನೋಡಿ ಹೇಳಿದಳು. "ಆ ಬಕೆಟ್ಟು ಕೆಳಗಿಡಿ ಅಕ್ಕಾ."

ಅವರು ಇಟ್ಟರು.

ಸಾಂಡಿಫೋಲೊ ಕೆಮ್ಮಿ, ಹಾಡಿನ ಪುಸ್ತಕ ತೆರೆದ. ಅಜ್ಜಿ ಎನಿಫಾಳನ್ನು ಮಧ್ಯಾಹ್ನದೊಳಗೆ ಮಣ್ಣು ಮಾಡಿದರು. ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಸಮಾಧಿಯಿಂದ ಬಂದವರಿಗೆ ಮಸೌತ್ಸೊ ಕ್ಲೋರಿನ್ ನೀರು ಕೈಗೆ ಹುಯ್ದು, ಮನೆಗೆ ಹೋಗಿ ಎಂದ. ಹಸಿದ ಹೊಟ್ಟೆಯಲ್ಲಿ ಸಾವಿನ ಮನೆಯಿಂದ ಹೊರಡುವುದು ಹೇಗೆ ಎಂದು ಜನರಿಗೆ ತಿಳಿಯಲಿಲ್ಲ. ಎದ್ದವರು ಕೂತರು, ಕೂತವರು ಎದ್ದರು. ಕೊನೆಗೆ ಒಬ್ಬೊಬ್ಬರಾಗಿ ಹೋದರು.

ಫಾಲೆಸಿ ಲಾರಿ ಹತ್ತುವ ಮುಂಚೆ ಎಸ್ನಾತಿಯ ಹತ್ತಿರ ಬಂದಳು. "ನಮ್ಮವ್ವನ್ನ ನಾಯೀನ ಹೂತ ಹಾಗೆ ಹೂತೆ ಅತ್ತಿಗೆ. ನಿನ್ನ ಪಾಪ ತೊಳ್ಕೊಳೋಕೆ ನಿಂಗೆ ಅವಳ ದಿನಾನೇ ಬೇಕಿತ್ತಾ?"

ಆ ಮಾತಿನಲ್ಲಿ ಸತ್ಯವಿತ್ತು. ಮುಂಚೆಯೇ ಹೇಳಬಹುದಾಗಿತ್ತು, ಹೇಳಿರಲಿಲ್ಲ. "ಹುಷಾರಾಗಿ ಹೋಗು" ಎಂದಳು ಎಸ್ನಾತಿ. ಲಾರಿ ಹೋಯಿತು.

ಆಮೇಲೆ ನಡೆದದ್ದು ಇಷ್ಟು. ಹಿರಿಯರು ಸೇರಿ ಎಸ್ನಾತಿಯನ್ನು ಸಂಘದ ಮುಖ್ಯಸ್ಥೆ ಸ್ಥಾನದಿಂದ ಇಳಿಸಿದರು, ಮೂರು ತಿಂಗಳು ಅವಳಿಗೆ ಸಭೆಯಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಬಾರದೆಂದರು. ಮಲಿತಾಳನ್ನು ಏನೂ ಕೇಳಲಿಲ್ಲ. ಸತ್ತ ಮೂವರಲ್ಲಿ ಒಬ್ಬನ ಅಣ್ಣ ಎಸ್ನಾತಿಯ ಅಂಗಳಕ್ಕೆ ಬಂದು ಉಗುಳಿ ಹೋದ. ಅವಳು ಅಲ್ಲಿ ಮಣ್ಣೆಳೆದು ಮುಚ್ಚಿದಳು. ಪಂಪಿನ ನೀರು ಚೆನ್ನಾಗಿದೆ ಎಂದು ಪಟ್ಟಣದಿಂದ ಕಾಗದ ಬಂದದ್ದು ಒಂಬತ್ತು ದಿನಗಳ ಮೇಲೆ. ಅಷ್ಟರಲ್ಲಿ ಬಕೆಟ್ಟುಗಳ ಸಾಲು ಮತ್ತೆ ರಸ್ತೆ ಮುಟ್ಟಿತ್ತು. ಎನಿಫಾಳ ಮಣ್ಣಿಗೆ ಬಂದವರಲ್ಲಿ ಯಾರೂ ಕಾಯಿಲೆ ಬೀಳಲಿಲ್ಲ. ಅದನ್ನು ಯಾರೂ ಎಸ್ನಾತಿಯ ಲೆಕ್ಕಕ್ಕೆ ಹಾಕಲಿಲ್ಲ, ಅವಳೂ ಹಾಕಿಕೊಳ್ಳಲಿಲ್ಲ.

ಮಲಿತಾ ಒಂದು ಬೆಳಿಗ್ಗೆ ಬೇಲಿಯ ಹತ್ತಿರ ಬಂದಳು.

"ನನ್ನ ಹೆಸರು ಯಾಕೆ ಹೇಳಲಿಲ್ಲ ನೀನು?"

"ಏನಂತ ಹೇಳ್ಲಿ? ಹೋಗು ಅಂದಿದ್ದು ನಾನು."

"ನಾನು ಕಾಯ್ತಾ ಇದ್ದೆ. ಹೇಳ್ತಾಳೆ, ಆವಾಗ ಮನಸಾರೆ ಬೈದುಬಿಡೋಣ ಅಂತ."

"ಈಗ ಬೈ."

"ಈಗ ಬರ್ತಿಲ್ಲ" ಎಂದಳು ಮಲಿತಾ. ಬೇಲಿಯ ಮೇಲೆ ಕೈಯಿಟ್ಟು, "ಕೋಳಿ ಮೊಟ್ಟೆ ಇಡ್ತಿದೆಯಾ?" ಎಂದು ಕೇಳಿದಳು.

"ಎರಡು ಇಡ್ತಿವೆ."

ಆ ದಿನ ಮಧ್ಯಾಹ್ನ ಎಸ್ನಾತಿ ಮೊಣಕಾಲೂರಿದಾಗ ಕರ್ತನೇ ಎಂದ ಮೇಲೆ ಲುಸಿಯಾನೋನ ಹೆಸರು ಬಂತು. ಉಳಿದಿಬ್ಬರ ಹೆಸರೂ ಬಂದವು. ಮುಂದೆ ಮತ್ತೇನೂ ಬರಲಿಲ್ಲ. ಅಷ್ಟಕ್ಕೇ ಎದ್ದಳು.

ಮೇ ತಿಂಗಳಲ್ಲಿ ಕಾಲರಾ ಡೇರೆ ಕಿತ್ತರು. ಬ್ಲಾಂಟೈರಿನಿಂದ ಬಂದ ಒಬ್ಬ ಲಾರಿಯವನು ಎಸ್ನಾತಿಯ ಮನೆ ಹುಡುಕಿಕೊಂಡು ಬಂದು ಸಕ್ಕರೆಯ ಪೊಟ್ಟಣವನ್ನೂ ಒಂದು ಸೋಪನ್ನೂ ಕೊಟ್ಟ. ಫಾಲೆಸಿ ಕಳಿಸಿದ್ದು. ಏನು ಹೇಳಿದಳು ಎಂದು ಕೇಳಿದರೆ, ಏನೂ ಹೇಳಲಿಲ್ಲ ಎಂದ. ಎಸ್ನಾತಿ ಸಕ್ಕರೆಯಲ್ಲಿ ಅರ್ಧವನ್ನು ಬಟ್ಟಲಿಗೆ ಸುರಿದು, ಮಲಿತಾಳ ಮನೆಗೆ ಕೊಡಲು ಹೊರಟಳು.