ನೀಲಳ ಊರಿನ ಒಂದು ಗಂಟೆ

ನನ್ನ ತಂಗಿ ನೀಲ ಮದುವೆಯಾದ ಮೇಲೆ ಗಂಡನ ಜೊತೆ ಇಥಿಯೋಪಿಯಾಕ್ಕೆ ಹೋದಳು. ಅಲ್ಲಿ ಬೆಟ್ಟದ ಮೇಲಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ಅವಳ ಗಂಡ ಚನ್ನಬಸವಯ್ಯನವರಿಗೆ ಮೇಷ್ಟ್ರ ಕೆಲಸ. ಎಪ್ಪತ್ತಮೂರರಲ್ಲಿ ರಜೆಗೆ ಬಂದಾಗ ಬನಶಂಕರಿಯ ನಮ್ಮ ಮನೆಯಲ್ಲಿ ಒಂದು ತಿಂಗಳು ಇದ್ದಳು. ಚಿಕ್ಕಂದಿನಲ್ಲಿ ಅವ್ವ ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿ ಲಿಂಗಪೂಜೆ ಕಲಿಸಿದ್ದಳು. ಆ ತಿಂಗಳೆಲ್ಲ ನಾವು ಹಾಗೆಯೇ ಕೂತೆವು.

ಹೊರಡುವ ದಿನ ರೈಲು ಅಲುಗಿದ ಮೇಲೆ ಕಿಟಕಿಯಿಂದ ಕೂಗಿದಳು.

"ಅಕ್ಕಾ, ಅಲ್ಲಿ ಒಂದು ಗಂಟೆಗೆ ನಾನು ಪೂಜೆಗೆ ಕೂರ್ತೀನಿ. ನೀನೂ ಅದೇ ಹೊತ್ತಿಗೆ ಕೂತ್ಕೋ. ಒಟ್ಟಿಗೆ ಕೂತ ಹಾಗೇ!"

ಪಕ್ಕದ ಮನೆಯ ಶಾಮಣ್ಣನವರು ದೇಶದೇಶದ ರೇಡಿಯೋ ಕೇಳುವವರು. ಅವರನ್ನು ವಿಚಾರಿಸಿದೆ.

"ಅವರು ನಮಗಿಂತ ಎರಡೂವರೆ ಗಂಟೆ ಹಿಂದೆ, ಶಾಂತಕ್ಕ. ಅಲ್ಲಿ ಒಂದಾದ್ರೆ ಇಲ್ಲಿ ಮೂರೂವರೆ."

"ಮಧ್ಯಾಹ್ನ ಒಂದರ ತನಕ ಹಸಿದುಕೊಂಡಿರ್ತಾಳಾ? ಪೂಜೆ ಆಗದೆ ನಾವು ಬಾಯಿಗೆ ಏನೂ ಹಾಕೋ ಹಾಗಿಲ್ವಲ್ಲ."

"ನಮ್ಮ ಬೀದಿ ಥರ ಅಲ್ಲೂ ಸ್ನಾನಕ್ಕೆ ನಲ್ಲೀಲಿ ನೀರು ಹೊತ್ತಲ್ಲದ ಹೊತ್ತಲ್ಲಿ ಬರುತ್ತೇನೋ!"

ಅದು ನನಗೆ ಸರಿಯೆನಿಸಿತು. ಅಂದಿನಿಂದ ಮೂರೂವರೆಗೆ ಮಡಿಯುಟ್ಟು, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂರತೊಡಗಿದೆ. ಅಲ್ಲಿಯವರೆಗೆ ನೀರೂ ಇಲ್ಲ. "ಅತ್ತೆ, ಶಿವನಿಗೂ ಈಗ ತೂಕಡಿಕೆ ಬಂದಿರುತ್ತೆ," ಎಂದು ಸೊಸೆ ಹಾಸ್ಯ ಮಾಡುತ್ತಿದ್ದಳು. ನನಗೆ ಹಸಿವು ಗೊತ್ತಾಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನೀಲ ಎದುರಿಗೆ ಇರುತ್ತಿದ್ದಳು. ಕಾಗದ ಬರೆದಾಗಲೆಲ್ಲ ಪೂಜೆ ತಪ್ಪಿಸಿಲ್ಲವೆಂದು ಅವಳೂ ತಿಳಿಸುತ್ತಿದ್ದಳು, ನಾನೂ ತಿಳಿಸುತ್ತಿದ್ದೆ.

ಮೂರನೆಯ ವರ್ಷ ನೀಲ ಜ್ವರ ಬಂದು ಅಲ್ಲಿಯೇ ತೀರಿಕೊಂಡಳು. ತಂತಿ ಬಂತು. ಎರಡು ತಿಂಗಳ ಮೇಲೆ ಚನ್ನಬಸವಯ್ಯನವರು ಒಬ್ಬರೇ ಬಂದರು. ತುಂಬ ಇಳಿದುಹೋಗಿದ್ದರು.

ಕಾಫಿ ಕೊಟ್ಟೆ. ಲೋಟ ಹಿಡಿದುಕೊಂಡು ಅವರು ಆ ಊರಿನ ಮಾತು ತೆಗೆದರು. ಹುಳಿ ಬಂದ ದೊಡ್ಡ ದೋಸೆಯಂಥ ರೊಟ್ಟಿ, ಸಂತೆಗೆ ಬರುವ ಕತ್ತೆಗಳ ಸಾಲು, ಬೆಳಗಿನ ಚಳಿ.

"ಆ ಚಳೀಲೂ ದಿನಾ ಸೂರ್ಯ ಹುಟ್ಟಿ ಒಂದು ಗಂಟೆಗೆ ಸರಿಯಾಗಿ ಪೂಜೆಗೆ ಕೂತುಬಿಡೋಳು, ಅಕ್ಕಾ."

"ಮಧ್ಯಾಹ್ನ ಅಲ್ವಾ?"

"ಇಲ್ಲ, ಬೆಳಿಗ್ಗೆ. ಆ ಜನ ಹೊತ್ತು ಹುಟ್ಟಿದಾಗಿಂದ ಗಂಟೆ ಎಣಿಸ್ತಾರೆ. ನಮ್ಮ ಏಳು ಅಂದ್ರೆ ಅವರಿಗೆ ಒಂದು. ನೀಲಂಗೂ ಅದೇ ರೂಢಿಯಾಗಿತ್ತು. 'ಈಗ ಅಕ್ಕ ಎದುರಿಗೆ ಕೂತಿದ್ದಾಳೆ, ಸದ್ದು ಮಾಡ್ಬೇಡಿ' ಅಂತ ನನಗೆ ಗದರೋಳು."

ಅಲ್ಲಿ ಏಳಾದರೆ ನಮಗೆ ಒಂಬತ್ತೂವರೆ. ಆ ಹೊತ್ತಿನಲ್ಲಿ ನಾನು ಜಗಲಿಯ ಮೇಲೆ ನಿಂತು ಸೊಪ್ಪಿನವಳ ಜೊತೆ ಚೌಕಾಸಿ ಮಾಡುತ್ತಿದ್ದೆ. ಮೂರು ವರ್ಷದಲ್ಲಿ ಒಂದು ದಿನವೂ ನಾವು ಒಟ್ಟಿಗೆ ಕೂತಿರಲಿಲ್ಲ. ಅವರಿಗೆ ಹಾಗೆಯೇ ಹೇಳಿದೆ. ಅವರು ಲೋಟ ಕೆಳಗಿಟ್ಟರು.

"ಅವಳಿಗೆ ಗೊತ್ತಾಗದೆ ಹೋಯ್ತಲ್ಲ ಅನ್ನೋದೇ ಸಮಾಧಾನ," ಎಂದರು.

ನನಗೆ ಆ ಸಮಾಧಾನ ಸಾಲಲಿಲ್ಲ. ಮಣ್ಣು ಮಾಡಿದ್ದು ಹೇಗೆಂದು ಕೇಳಿದೆ.

"ನಮ್ಮ ಪದ್ಧತಿಯಂತೇ ಮಾಡ್ದೆ. ಅಲ್ಲಿನವರು ಮಲಗಿಸ್ತಾರೆ. ನಾನು ಕೂರಿಸಬೇಕು ಅಂದಾಗ ಬೆರಗಾದ್ರು. ಆದ್ರೂ ಅಕ್ಕಪಕ್ಕದ ಗಂಡಸರೆಲ್ಲ ಬಂದು ಆಳವಾಗಿ ತೋಡಿಕೊಟ್ರು. ಕೂರಿಸಿ, ಲಿಂಗ ಅಂಗೈಯಲ್ಲಿಟ್ಟೆ. ಪತ್ರೆ ಸಿಗಲಿಲ್ಲ, ಯಾವುದೋ ಎಲೆ ಏರಿಸ್ದೆ."

"ಹಾಗಾದ್ರೆ ಕೂತೇ ಇದ್ದಾಳೆ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಇನ್ನು ನಾನು ಯಾವ ಹೊತ್ತಿಗೆ ಕೂತರೂ ಅವಳು ಎದ್ದು ಹೋಗಿರುವುದಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಎರಡು ಮಣೆ ಹಾಕಿದೆ. ಸೊಸೆ ಬಾಗಿಲಲ್ಲಿ ಬಂದು ನಿಂತು ನೋಡಿ, ಹಾಡುತ್ತಿದ್ದ ರೇಡಿಯೋ ಆರಿಸಿ ಹೋದಳು.