ಮಂಗಳವಾರದ ತುತ್ತು

ವಾರದಲ್ಲಿ ಆರು ದಿನ ಮೊಮ್ಮಗ ತನ್ನ ಪಾಲಿಗಿದ್ದರೂ ಲೂರ್ದಮ್ಮನಿಗೆ ಸಾಲದು. ಮಂಗಳವಾರ ಬಂತೆಂದರೆ ಅವಳ ಹೊಟ್ಟೆಯಲ್ಲಿ ಯಾರೋ ಕೆಂಡ ಸುರಿದ ಹಾಗಾಗುತ್ತಿತ್ತು. ಅವತ್ತು ಹಿನಕಲ್‌ನಿಂದ ಎರಡು ಬಸ್ಸು ಬದಲಿಸಿಕೊಂಡು ಬೀಗಿತ್ತಿ ದೇವಿರಮ್ಮ ಬರುತ್ತಿದ್ದಳು. ಸೊಸೆ ಭವ್ಯಶ್ರೀಯ ತಾಯಿ ಅವಳು. ಬೇಡವೆನ್ನುವ ಹಾಗೂ ಇರಲಿಲ್ಲ.

ಮಗ ಫ್ರೆಡ್ಡಿ, ಸೊಸೆ ಇಬ್ಬರೂ ಒಂಬತ್ತಕ್ಕೆ ಕೆಲಸಕ್ಕೆ ಹೊರಟರೆ ಬನ್ನಿಮಂಟಪದ ಆ ಮನೆಯಲ್ಲಿ ಉಳಿಯುತ್ತಿದ್ದುದು ಲೂರ್ದಮ್ಮ ಮತ್ತು ಒಂದೂವರೆ ವರ್ಷದ ಮಗು. ಮಗುವಿಗೆ ಎರಡು ಹೆಸರು. ಲೂರ್ದಮ್ಮ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿ ಆಂಟೋ ಎಂದಿಟ್ಟಳು. ಅದೇ ತಿಂಗಳು ಹಿನಕಲ್‌ನಲ್ಲಿ ದೇವಿರಮ್ಮ ತೊಟ್ಟಿಲಿಗೆ ಹಾಕಿ, ಅಭಿನವ ಎಂದು ಕಿವಿಯಲ್ಲಿ ಕೂಗಿದಳು. ಕರೆದವರ ಕೈಯಲ್ಲಿ ಬಿಸ್ಕತ್ತಿದ್ದರೆ ಮಗು ಯಾವ ಹೆಸರಿಗೂ ಓಡಿಬರುತ್ತಿತ್ತು.

ಮೈ ತೊಳೆಸುವುದು, ಚಡ್ಡಿ ಬದಲಿಸುವುದು, ಮೊಣಕಾಲು ನೋವಿದ್ದರೂ ಹೆಗಲಿಗೆ ಹಾಕಿಕೊಂಡು ಬೀದಿ ಸುತ್ತುವುದು ಎಲ್ಲ ಲೂರ್ದಮ್ಮನ ಕೆಲಸ. ಒಂದು ತುತ್ತು ತಿನ್ನಿಸಬೇಕಾದರೆ ಕಾಗೆ, ನಾಯಿ, ಆಟೋ ಎಲ್ಲ ತೋರಿಸಬೇಕು. ದೇವಿರಮ್ಮನೋ, ಬಂದವಳೇ ನೆಲದ ಮೇಲೆ ಕಾಲು ಚಾಚಿ ಕೂತು, ಡಬ್ಬಿ ತೆರೆದು, ಮುದ್ದೆಯನ್ನು ಬಸ್ಸಾರಿನಲ್ಲಿ ಕಿವುಚಿದರೆ ಸಾಕು, ಈ ಕಳ್ಳ ಬಾಯಿ ಬಿಟ್ಟುಕೊಂಡು ಓಡುತ್ತಿದ್ದ. ಉಂಡು ಅವಳ ಕಾಲ ಮೇಲೆಯೇ ಮಲಗಿಬಿಡುತ್ತಿದ್ದ. ಹೀಗೇ ಬಿಟ್ಟರೆ ಅಜ್ಜಿ ಎಂದರೆ ಅವಳು, ತಾನು ಬರೀ ಆಯಾ ಎಂದಾಗುತ್ತದೆ ಎಂದು ಲೂರ್ದಮ್ಮನಿಗೆ ಭಯವಾಯಿತು.

ಒಂದು ಮಂಗಳವಾರ ಅವಳು ಹತ್ತೂವರೆಗೇ ಮೆತ್ತಗಿನ ಅನ್ನ, ಬೇಳೆಕಟ್ಟು, ತುಪ್ಪ ಕಲಸಿ, ಮೇಲೊಂದು ಮೊಟ್ಟೆಯನ್ನೂ ತಿನ್ನಿಸಿ ಮುಗಿಸಿದಳು. ಹನ್ನೊಂದೂವರೆಗೆ ದೇವಿರಮ್ಮ ತುತ್ತು ಹಿಡಿದರೆ ಮಗು ಮುಖ ತಿರುಗಿಸಿತು.

"ಯಾಕಮ್ಮ, ಕೂಸು ಉಣ್ಣಕಿಲ್ಲ ಅಂತದೆ?" ಎಂದಳು ದೇವಿರಮ್ಮ.

"ಹಲ್ಲು ಬರ್ತಿರ್ಬೇಕು ಕಣ್ರೀ," ಎಂದಳು ಲೂರ್ದಮ್ಮ, ಏನೂ ಅರಿಯದವಳ ಹಾಗೆ. ಒಳಗೊಳಗೇ ಕುಣಿದಾಡುತ್ತಿದ್ದಳು.

ಮರು ಮಂಗಳವಾರವೂ ಹಾಗೇ ಆಯಿತು, ಅದರ ಮುಂದಿನ ವಾರವೂ. ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿ ತನ್ನ ಪಾಪಗಳನ್ನು ನೆನೆಯುವಾಗ ಲೂರ್ದಮ್ಮ ಇದೊಂದನ್ನು ಸೇರಿಸಲಿಲ್ಲ. ಮಗುವಿಗೆ ಊಟ ಹಾಕುವುದು ಎಲ್ಲಾದರೂ ಪಾಪವೇ?

ನಾಲ್ಕನೆಯ ಮಂಗಳವಾರ ದೇವಿರಮ್ಮ ಡಬ್ಬಿಯನ್ನೇ ತೆರೆಯಲಿಲ್ಲ. "ಉಪ್ಪು, ಒಣಮೆಣಸಿನಕಾಯಿ ಕೊಡಿ. ದೃಷ್ಟಿ ತೆಗೀಬೇಕು," ಎಂದಳು.

"ನಾಯಿ ಕಣ್ಣು, ನರಿ ಕಣ್ಣು, ನೆಂಟರ ಕಣ್ಣು, ನೆರೆಯೋರ ಕಣ್ಣು..." ಮೂರು ಸಲ ಮಗುವಿಗೆ ನಿವಾಳಿಸಿ, ಹಿತ್ತಲಿನಲ್ಲಿ ಕಾಗದಕ್ಕೆ ಬೆಂಕಿ ಹಚ್ಚಿ ಅದರಲ್ಲಿ ಹಾಕಿದಳು. ಮೆಣಸಿನಕಾಯಿ ಸುಟ್ಟು ಕರಿಯಾಯಿತು. ಒಂದು ಚೂರೂ ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಬಿದ್ದಿದೆ ಎಂದೇ ಅರ್ಥ. ಅಷ್ಟು ಲೂರ್ದಮ್ಮನಿಗೂ ಗೊತ್ತಿತ್ತು. ಮೆಣಸಿನಕಾಯಿ ಹಳೆಯದು, ಮುಗ್ಗು ಹಿಡಿದದ್ದು ಎಂಬುದೂ ಗೊತ್ತಿತ್ತು. ಆದರೂ ಕೈ ತಾನಾಗಿ ಶಿಲುಬೆಯ ಗುರುತು ಹಾಕಿಕೊಂಡಿತು.

ದೇವಿರಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. "ಇದು ನಂದೇ ಕಣ್ಣು ಕಣಮ್ಮ. ನಿಮ್ಮನ್ನ ಕಂಡ್ರೆ ನಂಗೆ ಹೊಟ್ಟೆಕಿಚ್ಚು. ಆರು ದಿನ ಕೂಸು ನಿಮ್ಮ ಹೆಗಲ ಮೇಲಿರ್ತದೆ, ನಂಗೆ ಒಂದೇ ಒಂದು ದಿನ. ಬಸ್ಸಲ್ಲಿ ಕುಂತ್ರೂ ಅದೇ ಯೋಚ್ನೆ. ಅಂಥಾ ಕಣ್ಣಲ್ಲಿ ನೋಡಿದ್ರೆ ಅದು ಎಂಗೆ ಉಂಡಾತು? ಕೂಸಿಗೆ ಮೂರು ವರ್ಸ ತುಂಬೋಗಂಟ ನಾನು ಬರಾಕಿಲ್ಲ. ನೀವೇ ನೋಡ್ಕಳಿ."

ಲೂರ್ದಮ್ಮ ಬಯಸಿದ್ದು ತಾನಾಗಿ ಕೈಗೆ ಬಂದಿತ್ತು. ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ದೇವಿರಮ್ಮ ಚೀಲ ಎತ್ತಿಕೊಂಡಳು. ಮಗು ಅವಳ ಸೀರೆ ಹಿಡಿದು ಜಗ್ಗಿದರೆ, ತನ್ನ ಕಣ್ಣು ಬಿದ್ದೀತೆಂದು ಸೆರಗಿನಿಂದ ಮುಖ ಮುಚ್ಚಿಕೊಂಡು, ಆ ಪುಟ್ಟ ಬೆರಳುಗಳನ್ನು ತಡಕಾಡಿ ಬಿಡಿಸಿದಳು. ಗೋಡೆ ಹಿಡಿದುಕೊಂಡು ಗೇಟಿನ ಕಡೆ ನಡೆದಳು.

"ನಿಂತ್ಕೊಳ್ರೀ!" ಎಂದಳು ಲೂರ್ದಮ್ಮ. "ಕಣ್ಣು ನಿಮ್ದಲ್ಲ. ನೀವು ಬರೋಕ್ ಮುಂಚೆ ನಾನೇ ಹೊಟ್ಟೆ ತುಂಬ ತಿನ್ನಿಸ್ಬುಡ್ತಿದ್ದೆ. ಮೂರು ವಾರದಿಂದ. ಇವತ್ತೂ ತಿನ್ನಿಸಿದ್ದೀನಿ."

ದೇವಿರಮ್ಮ ಸೆರಗು ತೆಗೆದು ಅವಳನ್ನೇ ನೋಡಿದಳು. "ಮೂರು ವಾರದಿಂದ ನಂಗೆ ಗಂಟ್ಲಲ್ಲಿ ಅನ್ನ ಇಳ್ದಿಲ್ಲ. ನೀವು ಹಲ್ಲು ಅಂದ್ರಲ್ಲ ಲೂರ್ದಮ್ಮಾರೆ!"

ದೇವಿರಮ್ಮ ವಾಪಸು ಬಂದು, ನಡುಮನೆಯಲ್ಲಿ ಕಾಲು ಚಾಚಿ ಕೂತಳು. "ಇವನಿಗೆ ಹಸಿವಾಗೋಗಂಟ ನಾನು ಏಳಾಕಿಲ್ಲ."

"ಎರಡು ಗಂಟೆ ಆಗುತ್ತೆ."

"ಆಗ್ಲಿ ಬುಡಿ."

ಎರಡೂಕಾಲಿಗೆ ಮಗು ತಾನಾಗಿ ಬಂದು ದೇವಿರಮ್ಮನ ಮುಂದೆ ಬಾಯಿ ತೆರೆಯಿತು. ನಿಜ ಹೇಳಿದರೆ ಹೊಟ್ಟೆ ತಣ್ಣಗಾಗುತ್ತದೆ ಎಂದುಕೊಂಡಿದ್ದಳು ಲೂರ್ದಮ್ಮ. ಆಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೊಂದೇ ತುತ್ತು ಎಣಿಸಿದಳು. ಹದಿನೈದು. ಕಾಗೆ ನಾಯಿ ಎಲ್ಲ ತೋರಿಸಿದರೂ ತನ್ನ ಕೈಯಲ್ಲಿ ಅವನು ಒಂದು ದಿನವೂ ಒಂಬತ್ತು ದಾಟಿರಲಿಲ್ಲ.