ಪೆಡಲ್ ಮೇಲಿನ ಕಾಲು

ಹೊಸಬರಿಗೆ ಹಾರುವುದನ್ನು ಕಲಿಸುವ ಸೇನಾ ವಿಮಾನ ಗಿರಕಿಗೆ ಬಿದ್ದಾಗ, ಕಲಿಯುವವನು ಹೆದರಿ ಎಲ್ಲವನ್ನೂ ಕೈಬಿಟ್ಟರೂ ಅದು ತಾನಾಗಿ ಚೇತರಿಸಿಕೊಳ್ಳಬೇಕು. ಅದರ ಬಾಲವನ್ನು ವಿನ್ಯಾಸ ಮಾಡಿದವಳು ನಾನು. ಅಂದು ಅದನ್ನು ಪರೀಕ್ಷಿಸಲು ಹಾರಿದ್ದವರು ನನ್ನ ಅಕ್ಕನ ಗಂಡ.

"ಏನು ನಾದಿನಿ, ಕಚ್ಚೋಕೆ ಉಗುರು ಏನಾದ್ರೂ ಉಳಿದಿದ್ಯಾ?" ನೆಲದ ನಿಯಂತ್ರಣ ಕೋಣೆಯ ರೇಡಿಯೋದಲ್ಲಿ ಭಾವನ ದನಿ.

"ಭಾವ, ಆಟ ಸಾಕು. ಎತ್ತರ ನೋಡ್ಕೊಳ್ಳಿ."

"ಥೇಟ್ ನಿಮ್ಮಕ್ಕನೇ! ಸರಿ, ಶುರು ಮಾಡ್ತಿದೀನಿ."

ಗಿರಕಿ ಶುರುವಾದೊಡನೆ ಪೈಲಟ್, ತಾನು ಏನನ್ನೂ ಹಿಡಿದಿಲ್ಲವೆಂದು, ಎರಡೂ ಕೈಗಳನ್ನು ಹೆಲ್ಮೆಟ್ ಮೇಲಿಟ್ಟು ಕ್ಯಾಮೆರಾಕ್ಕೆ ತೋರಿಸಬೇಕು. ಅದು ನಮ್ಮ ಪದ್ಧತಿ. ಪರದೆಯಲ್ಲಿ ಭಾವ ಕೈ ಎತ್ತಿದರು. ಅವರ ಪಕ್ಕದ ಗಾಜಿನಾಚೆ ನೆಲ ಬುಗುರಿಯಂತೆ ಸುತ್ತತೊಡಗಿತು. ಸ್ವಲ್ಪ ಹೊತ್ತಿಗೆ ಸುತ್ತು ಥಟ್ಟನೆ ನಿಂತು, ವಿಮಾನ ಮೂಗೆತ್ತಿ ನೇರವಾಯಿತು.

ಕೋಣೆಯ ತುಂಬ ಚಪ್ಪಾಳೆ. "ಗೆದ್ದೆಯಮ್ಮಾ!" ಎಂದರು ನಮ್ಮ ವಿನ್ಯಾಸ ವಿಭಾಗದ ಮುಖ್ಯಸ್ಥರು.

ನಾನು ಪೈಲಟ್ ಒತ್ತಿದ್ದನ್ನೆಲ್ಲ ಗೆರೆಗಳಲ್ಲಿ ತೋರಿಸುವ ಪಕ್ಕದ ಪರದೆಯನ್ನೇ ನೋಡುತ್ತಿದ್ದೆ. ಸುತ್ತು ನಿಲ್ಲುವ ತುಸು ಮುಂಚೆ, ಬಾಲದ ಚುಕ್ಕಾಣಿ ತಿರುಗಿಸುವ ಬಲ ಪೆಡಲ್‌ನ ಗೆರೆ ಬೆರಳಗಲ ಮೇಲೇರಿತ್ತು. ಕೈಗಳು ತಲೆಯ ಮೇಲಿದ್ದವು. ವರ್ಷಗಟ್ಟಲೆ ಪಳಗಿದ ಕಾಲು ಮಾತ್ರ ಯಜಮಾನನನ್ನು ಕೇಳದೆ ತನ್ನ ಕೆಲಸ ಮಾಡಿತ್ತು. ಹೊಸಬನಿಗೆ ಅಂಥ ಕಾಲು ಎಲ್ಲಿಂದ ಬರಬೇಕು?

ಸುಮ್ಮನಿದ್ದರೆ ಭಾವ ಕ್ಷೇಮವಾಗಿ ಇಳಿಯುತ್ತಾರೆ. ಹೇಳಿದರೆ ಮತ್ತೆ ಗಿರಕಿಗೆ ಇಳಿಯಬೇಕು; ನಾನು ಮೈಕ್ ಎಳೆದುಕೊಂಡೆ.

"ಭಾವ, ನೀವು ಪೆಡಲ್ ಒತ್ತಿದ್ರಿ."

"ನಾನಾ? ನಿನ್ನಾಣೆ ಇಲ್ಲ!"

"ನಿಮಗೇ ಗೊತ್ತಾಗಿಲ್ಲ. ಕಾಲು ಹಿಂದಕ್ಕೆ ಎಳ್ಕೊಂಡು... ಇನ್ನೊಂದು ಸಲ ಮಾಡಿ."

"ಒಳ್ಳೇದಾಗಿದ್ದನ್ನ ಯಾಕಮ್ಮಾ ಕೆದಕ್ತೀಯ?" ಮುಖ್ಯಸ್ಥರ ದನಿ ತಗ್ಗಿತ್ತು.

"ಅವಳು ಹೇಳಿದ್ಮೇಲೆ ಮುಗೀತು ಸಾರ್," ಎಂದರು ಭಾವ. "ಆ ಮನೆ ಹೆಣ್ಣುಮಕ್ಕಳ ಹತ್ರ ವಾದ ಮಾಡಿ ಗೆದ್ದವರಿಲ್ಲ."

ಮತ್ತೆ ಮೇಲೇರಿದರು. ಮತ್ತೆ ನೆಲ ಸುತ್ತಿತು. ಪೆಡಲ್‌ನ ಗೆರೆ ಈ ಬಾರಿ ಮಿಸುಕಲಿಲ್ಲ. ಸುತ್ತೂ ನಿಲ್ಲಲಿಲ್ಲ. ಎತ್ತರದ ಅಂಕಿ ಜಾರುತ್ತಲೇ ಇತ್ತು. ಇದಕ್ಕಿಂತ ಕೆಳಗಿಳಿಯಬಾರದೆಂದು ನಾವೇ ಗುರುತು ಹಾಕಿದ್ದ ಕೆಂಪು ಗೆರೆ ಹತ್ತಿರವಾಯಿತು.

"ಸಾಕು ಭಾವ, ಹಿಡೀರಿ! ಹಿಡೀರಿ!"

ಹಿಂದಕ್ಕೆಳೆದಿದ್ದ ಕಾಲು ಪೆಡಲ್‌ಗಾಗಿ ತಡಕಾಡಿರಬೇಕು. ಪೆಡಲ್‌ನ ಗೆರೆ ಒಮ್ಮೆಲೇ ನೆಟ್ಟಗೆ ಮೇಲೇರಿತು. ಇನ್ನೂ ಒಂದು ಸುತ್ತು. ಆಮೇಲೆ, ಕೆಂಪು ಗೆರೆಯ ಕೆಳಗೆ, ನೆಲ ತಿರುಗುವುದನ್ನು ನಿಲ್ಲಿಸಿತು.

ಭಾವ ವಿಮಾನವನ್ನು ಮೇಲಕ್ಕೆತ್ತಿ ನೇರ ಮಾಡಿದರು.

"ನಾದಿನಿ," ಎಂದರು ಏದುಸಿರು ಬಿಡುತ್ತಾ, "ನಿನ್ನ ಬಾಲ ಹುಡುಗರನ್ನ ಕೊಲ್ಲುತ್ತೆ ಕಣೇ."

"ಹೂಂ ಭಾವ. ಇಳೀರಿ. ಇವತ್ತೇ ಬಿಚ್ಚಿಸ್ತೀನಿ."